ಇಂಚಕ್ಕ ಇಳಿದ ಬಂದರು

ಆ ಗಲ್ಲಿಯಲ್ಲಿ ಬೆಳಗಾಗುವುದು ಶಟರ್‌ಗಳ ಸದ್ದಿನಿಂದ. ಮೊದಲು ಹಾಲಿನಂಗಡಿಯದು, ಒಂದೇ ಉಸಿರಿನಲ್ಲಿ ಸರ್ರನೆ ಮೇಲೇರುತ್ತದೆ. ಆಮೇಲೆ ಗಡಿಯಾರ ರಿಪೇರಿಯವರದು, ದಿನವೂ ಎಣ್ಣೆ ಕುಡಿದು ಕೇಳಿಯೂ ಕೇಳಿಸದ ಹಾಗೆ. ಕೊನೆಯದು ಇಂಚಕ್ಕನದು. ಅದು ಅರ್ಧಕ್ಕೆ ಬಂದು ಕಚ್ಚಿಕೊಂಡು ನಿಲ್ಲುತ್ತದೆ. ಒಂದು ಕ್ಷಣ ಮೌನ. ನಂತರ ಚಪ್ಪಲಿ ಕಾಲಿನ ಒಂದು ಒದೆ, ಹಿಂದೆಯೇ ಢಬಾರ್. ಮೇಲಿನ ಮನೆಗಳಲ್ಲಿ ಆ ಢಬಾರ್ ಕೇಳಿದ ಮೇಲೆಯೇ ಮಕ್ಕಳನ್ನು ಶಾಲೆಗೆ ಎಬ್ಬಿಸುತ್ತಿದ್ದರು.

ಕಳೆದ ವರ್ಷ ಕೆಲವು ದಿನ ಆ ಸದ್ದು ಇರಲಿಲ್ಲ. ಮಕ್ಕಳು ಶಾಲೆಗೆ ತಡವಾಗಿ ಹೋದರು. ಇಂಚಕ್ಕ ಹಡಗಿನಲ್ಲಿ ಸಮುದ್ರ ಸುತ್ತಲು ಹೋಗಿದ್ದಾಳೆ ಎಂದು ಗಡಿಯಾರದವರು ಬಂದ ಗಿರಾಕಿಗಳಿಗೆಲ್ಲ ಹೇಳಿ ಹೇಳಿ, ತಾವೇ ಟಿಕೆಟ್ ತೆಗೆಸಿಕೊಟ್ಟವರ ಹಾಗೆ ಬೀಗುತ್ತಿದ್ದರು. ಆಮೇಲೆ, ಹೋದವರು ಬರಬೇಕಾದ ದಿನಕ್ಕೆ ಮೊದಲೇ, ಒಂದು ಬೆಳಗ್ಗೆ ಶಟರ್ ಅರ್ಧಕ್ಕೆ ಬಂದು ನಿಂತಿತು. ಒದೆ ಬಿತ್ತು. ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಓಡಿಬಂದರು.

"ಏನಕ್ಕ, ಇಷ್ಟು ಬೇಗ? ಹಡಗು ಮುಳುಗ್ತಾ?"

"ಇಲ್ಲ. ನಾನು ಇಳ್ದೆ," ಎಂದಳು ಇಂಚಕ್ಕ.

ಅಷ್ಟೇ ಹೇಳಿದ್ದು. ಉಳಿದದ್ದು ಗಲ್ಲಿಗೆ ಸ್ವಲ್ಪ ಸ್ವಲ್ಪವಾಗಿ, ಗುಂಡಿ ಹಚ್ಚುವಾಗ ಒಂದು ಮಾತು, ಇಸ್ತ್ರಿ ಕಾಯುವವರೆಗೆ ಇನ್ನೊಂದು ಮಾತು, ಹೀಗೆ ತಿಳಿಯಿತು.

ಇಂಚಕ್ಕ ಎಂಬುದು ಅವಳ ಹೆಸರಲ್ಲ. ಅವಳ ಅಪ್ಪ ಹೊಲಿಗೆಯವನು. ಅವನು ತೀರಿಕೊಂಡ ಮೇಲೆ ಆ ಕಿರಿದಾದ ಅಂಗಡಿ, ಕಾಲಿನ ಮಿಷಿನ್ನು, ಇಷ್ಟುದ್ದದ ಕಬ್ಬಿಣದ ಕತ್ತರಿ ಮತ್ತು ಶಾಲೆಗೆ ಹೋಗುತ್ತಿದ್ದ ತಂಗಿ, ಇಷ್ಟೂ ಅವಳ ಪಾಲಿಗೆ ಬಂದವು. ಅವಳು ಏನೇ ಹೊಲಿದರೂ ಒಳಗೆ, ಹೊಲಿಗೆಯ ಅಂಚಿನಲ್ಲಿ, ಒಂದು ಇಂಚು ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದಳು. ನಾಳೆ ಬಿಗಿಯಾದರೆ ಹಳೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಲು. "ಬೆಳೆಯೋ ಮಕ್ಕಳು," ಎನ್ನುತ್ತಿದ್ದಳು. ದೊಡ್ಡವರ ಬಟ್ಟೆಗೂ ಯಾಕೆ ಎಂದು ಕೇಳಿದರೆ, "ಅವರೂ ಬೆಳೀತಾರೆ, ಅಡ್ಡಕ್ಕೆ," ಎನ್ನುತ್ತಿದ್ದಳು. ತಮ್ಮ ಪ್ಯಾಂಟಿನೊಳಗೆ ಇನ್ನೊಬ್ಬರನ್ನು ಬಾಡಿಗೆಗೆ ಇಡಬಹುದು ಎಂದು ಗಡಿಯಾರದವರು ಆಡಿಕೊಂಡರು. ಹೆಸರು ಇಟ್ಟವರೂ ಅವರೇ.

ಆ ಒಳಗಿನ ಬಟ್ಟೆ ದಪ್ಪವಾಗುತ್ತದೆ, ಕತ್ತರಿಸಿಬಿಡಿ ಎಂದು ಹೊರಗಿನ ಗಿರಾಕಿ ಯಾರಾದರೂ ಹಟ ಹಿಡಿದರೆ ಕತ್ತರಿಸಿಕೊಡುತ್ತಿದ್ದಳು. "ಆಮೇಲೆ ಬಂದು ನನ್ನ ಕೇಳ್ಬೇಡಿ, ಕತ್ತರಿಸಿದ್ದು ಮತ್ತೆ ಚಿಗುರಲ್ಲ," ಎಂದು ಎಚ್ಚರಿಸಿ. ಮನೆಯವರ ಬಟ್ಟೆಗೆ ಮಾತ್ರ ಆ ಮಾತೇ ಇಲ್ಲ. ಕೇಳಿದರೂ ಕತ್ತರಿಸುತ್ತಿರಲಿಲ್ಲ.

ಮನೆಯವರು ಎಂದರೆ ತಂಗಿ, ತಂಗಿಯ ಗಂಡ, ಅವರ ಒಬ್ಬಳೇ ಮಗಳು. ಇಂಚಕ್ಕನಿಗೆ ಮದುವೆಯಾಗಿರಲಿಲ್ಲ. ಆ ಮಾತು ಬಂದಾಗಲೆಲ್ಲ ಯಾರದೋ ಬಟ್ಟೆ ಅರ್ಜೆಂಟ್ ಇರುತ್ತಿತ್ತು. ತಂಗಿಯನ್ನು ಓದಿಸಿದಳು, ಮದುವೆ ಮಾಡಿದಳು. ತಂಗಿ ಮತ್ತು ಅವಳ ಗಂಡ ಬಟ್ಟೆಯ ಶೋರೂಮಿನಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ತಮ್ಮದೇ ಶೋರೂಮು ತೆರೆಯುವವರೆಗೂ ಅವರ ಮಗಳು ಬೆಳೆದದ್ದು ಈ ಅಂಗಡಿಯ ಮೇಜಿನ ಕೆಳಗೆ, ಕತ್ತರಿಸಿ ಬಿದ್ದ ಬಟ್ಟೆ ತುಂಡುಗಳ ರಾಶಿಯಲ್ಲಿ. ಅಲ್ಲೇ ಆಟ, ಅಲ್ಲೇ ನಿದ್ದೆ. ಎಬ್ಬಿಸಿದರೆ ತಲೆಗೂದಲ ತುಂಬ ಬಣ್ಣ ಬಣ್ಣದ ದಾರ. ಇಂಚಕ್ಕ ಅವಳನ್ನು ಕರೆಯುತ್ತಿದ್ದದ್ದು ಚಿಂದಿ ಎಂದು. ಚಿಂದಿಯ ಯೂನಿಫಾರ್ಮನ್ನು ಪ್ರತಿ ವರ್ಷ ಬಿಚ್ಚಿ ಸಡಿಲ ಮಾಡುವಾಗ ಹಳೆಯ ಹೊಲಿಗೆಯ ತೂತುಗಳು ಇರುವೆ ಸಾಲಿನ ಹಾಗೆ ಉಳಿಯುತ್ತಿದ್ದವು. ಬೇರೆಯವರು ಮಕ್ಕಳ ಎತ್ತರವನ್ನು ಗೋಡೆಯ ಮೇಲೆ ಗೆರೆ ಎಳೆದು ನೋಡುತ್ತಾರೆ. ಇಂಚಕ್ಕ ಆ ತೂತುಗಳಲ್ಲಿ ನೋಡುತ್ತಿದ್ದಳು.

ತಂಗಿ ಅಂಗಡಿಗೆ ಬರುವುದು ಅಪರೂಪವಾಗಿತ್ತು. ಕಳೆದ ವರ್ಷ ಒಂದು ದಿನ ಬಂದಳು, ಕಾರು ಗಲ್ಲಿಗೆ ಹಿಡಿಸದೆ ಮುಖ್ಯರಸ್ತೆಯಲ್ಲೇ ನಿಂತಿತು. ತಂಗಿ ನಡೆದು ಬಂದು ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ಸರಿಸಿ ಕೂತಳು.

"ಅಕ್ಕ, ನೀನು ಸಮುದ್ರ ನೋಡಿದೀಯಾ?"

ಇಂಚಕ್ಕನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ತುಟಿಯ ಒಂದು ಬದಿಯಿಂದ, "ಕ್ಯಾಲೆಂಡರಲ್ಲಿ," ಎಂದಳು.

"ಹಾಗಾದ್ರೆ ಹೊರಡು. ಹಡಗಲ್ಲಿ ಹೋಗ್ತಿದೀವಿ, ಎಲ್ಲರೂ."

"ಅಂಗಡಿ?"

"ಅಂಗಡಿ ಎಲ್ಲಿ ಓಡಿಹೋಗುತ್ತೆ? ಓಡಿಹೋಗೋ ಜಾತಿಯಾಗಿದ್ರೆ ಅಪ್ಪ ಹೋದಾಗಲೇ ಹೋಗ್ತಿತ್ತು." ತಂಗಿ ನಕ್ಕಳು. ಆಮೇಲೆ ವಿಷಯಕ್ಕೆ ಬಂದಳು. ಚಿಂದಿಗೆ ಒಬ್ಬ ಹುಡುಗ ಒಪ್ಪಿಗೆಯಾಗಿದ್ದಾನೆ. ಹುಡುಗನ ಮನೆಯವರು ನಡುವಿನ ಒಂದು ಬಂದರಿನಲ್ಲಿ ಅದೇ ಹಡಗನ್ನು ಹತ್ತುತ್ತಾರೆ. ಎರಡೂ ಕಡೆಯವರು ನಾಲ್ಕು ದಿನ ಜೊತೆಗೆ ಓಡಾಡಿಕೊಂಡಿದ್ದು, ಹಡಗು ಕೊನೆಗೆ ನಿಲ್ಲುವ ಊರಿನ ಹೋಟೆಲಿನಲ್ಲಿ ಹುಡುಗ ಹುಡುಗಿ ಉಂಗುರ ತೊಡಿಸಿಕೊಳ್ಳುವುದು ಎಂದು ನಿಶ್ಚಯವಾಗಿದೆ.

"ನೀನು ದೊಡ್ಡಮ್ಮ. ನೀನಿಲ್ದೆ ಹೇಗಕ್ಕ?"

ಇಂಚಕ್ಕ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೇಜಿನ ಮೇಲಿನ ಪುಟ್ಟ ಮೆತ್ತೆಗೆ ಚುಚ್ಚಿದಳು. ಮುಖ ಕಾಣಬಾರದೆಂದು ಬೇಕಂತಲೇ ನಿಧಾನ ಮಾಡಿದಳು.

"ಹಾಗೇ ನೀನು ಹೊಲೀತಿರೋ ಅವಳ ಗೌನಿನ ಕೊನೆ ಫಿಟ್ಟಿಂಗನ್ನೂ ಅಲ್ಲೇ ಮಾಡ್ಬಿಡಬಹುದು," ಎಂದಳು ತಂಗಿ, ಏಳುತ್ತಾ. "ಅವಳು ಯಾವುದೋ ಡಯಟ್ಟು ಹಿಡ್ದಿದಾಳೆ, ದಿನಕ್ಕೊಂದು ಅಳತೆ."

ಆ ಎರಡನೆಯ ಮಾತನ್ನು ಇಂಚಕ್ಕ ಆಗ ಎತ್ತಿ ಬದಿಗಿಟ್ಟಳು. ಮೊದಲನೆಯದನ್ನಷ್ಟೇ ಜೊತೆಗೆ ಕೊಂಡುಹೋದಳು.

ಹಡಗು ಹತ್ತುವ ಕಡೆ ಚೀಲ ತಪಾಸಣೆ ಮಾಡುವವರು ಅಪ್ಪನ ಕತ್ತರಿಯನ್ನು ಎತ್ತಿ ಹಿಡಿದು, ಇದರಲ್ಲಿ ಏನನ್ನು ಕತ್ತರಿಸುತ್ತೀರಿ ಎಂದು ಕೇಳಿದರು. ಇಷ್ಟು ದೊಡ್ಡದನ್ನು ಒಳಗೆ ಬಿಡುವಂತಿಲ್ಲ, ನಮ್ಮ ಹತ್ತಿರ ಇರುತ್ತದೆ, ಇಳಿಯುವಾಗ ಕೊಡುತ್ತೇವೆ ಎಂದರು. ದಾರ ಕತ್ತರಿಸುವ ಬೆರಳುದ್ದದ ಚಿಕ್ಕ ಕತ್ತರಿಯೊಂದನ್ನು ಬಿಟ್ಟರು. ಅಪ್ಪನ ಕತ್ತರಿಯಿಲ್ಲದೆ ಕೈ ಬೋಳು ಎನಿಸಿತು ಅವಳಿಗೆ.

ಅವಳ ಕೋಣೆ ಕೆಳಗಿನ ಅಂತಸ್ತಿನಲ್ಲಿತ್ತು. ಕಿಟಕಿ ಇರಲಿಲ್ಲ. ಕಿಟಕಿ ಇರಬೇಕಾದ ಜಾಗದಲ್ಲಿ ಪರದೆ ಹಾಕಿ, ಪರದೆಯ ಹಿಂದೆ ಸಮುದ್ರದ ಚಿತ್ರವೊಂದನ್ನು ಅಂಟಿಸಿದ್ದರು.

"ನೋಡು, ಇಲ್ಲೂ ಕ್ಯಾಲೆಂಡರೇ ನನಗೆ," ಎಂದಳು.

"ಮಲಗೋಕೆ ತಾನೆ ಅಕ್ಕ. ಹಗಲೆಲ್ಲ ನಮ್ಮ ಬಾಲ್ಕನಿಗೇ ಬಾ."

ಮೊದಲ ದಿನಗಳು ಚೆನ್ನಾಗಿದ್ದವು. ಅದನ್ನು ಹೇಳಲೇಬೇಕು. ಇಂಚಕ್ಕ ಕೂಡ ಅದನ್ನು ಬಿಟ್ಟು ಹೇಳುತ್ತಿರಲಿಲ್ಲ. ಅಕ್ಕತಂಗಿಯರಿಬ್ಬರೂ ಮೇಲಿನ ಕಟಾಂಜನಕ್ಕೆ ಒರಗಿ ನಿಂತು, ಹೋಗಿ ಬರುವವರ ಬಟ್ಟೆ ನೋಡಿ ಕುಲುಕುಲು ನಕ್ಕರು. ಆ ಕೋಟಿನ ತೋಳು ನೋಡು, ಎಡಗೈ ಬಲಗೈ ಅದಲುಬದಲಾಗಿದೆ. ಈ ಅಜ್ಜನ ಪ್ಯಾಂಟು ನೋಡು, ಅದೇ ಅವರನ್ನು ನಡೆಸಿಕೊಂಡು ಹೋಗ್ತಿದೆ. ಗಾಳಿಗೆ ತಂಗಿಯ ಕೂದಲು ಬಿಚ್ಚಿ ಇಂಚಕ್ಕನ ಮುಖಕ್ಕೆ ಹಾರಿತು. ತಂಗಿ ಹತ್ತು ವರ್ಷದ ಹುಡುಗಿಯಾಗಿದ್ದಾಗ ಹೀಗೇ, ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ಜಡೆ ಹಾಕುವಾಗ ಹಾರುತ್ತಿತ್ತು. ಸಮುದ್ರ ಅಂಥ ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ಇಷ್ಟೊಂದು ನೀರಿಗೆ ಎಲ್ಲೂ ಒಂದು ಹೊಲಿಗೆ ಇಲ್ಲವಲ್ಲ ಎಂದು ಮಾತ್ರ ಹೇಳಿದಳು.

ಚಿಂದಿ ಒಮ್ಮೆ ಬಂದು ಅವಳ ತೋಳಿಗೆ ಜೋತುಬಿದ್ದು, "ದೊಡ್ಡಮ್ಮ, ಅವರೆಲ್ಲ ಹತ್ತಿದ ಮೇಲೆ ಚಿಂದಿ ಅನ್ಬೇಡ, ಆಯ್ತಾ?" ಎಂದಳು.

"ಮತ್ತೇನನ್ನಲಿ? ಕಟ್‌ಪೀಸು?"

ಇಬ್ಬರೂ ನಕ್ಕರು.

ಹುಡುಗನ ಮನೆಯವರು ಹತ್ತಿದ ದಿನದ ಸಂಜೆ ಎಲ್ಲರೂ ಒಂದು ದುಂಡು ಮೇಜಿನ ಸುತ್ತ ಊಟಕ್ಕೆ ಕೂತರು. ಹುಡುಗ ಮಾತು ಕಮ್ಮಿಯವನು. ಅವನ ತಾಯಿ ಅವನ ಪಾಲಿನದನ್ನೂ ಸೇರಿಸಿ ಮಾತಾಡುವ ಹೆಂಗಸು. ದೊಡ್ಡ ಕನ್ನಡಕ, ದೊಡ್ಡ ನಗು. ಅವರು ತಂಗಿಯ ತೋಳನ್ನು ಮುಟ್ಟಿ ನೋಡಿ, "ಏನ್ ಚೆನ್ನಾಗಿ ಕೂತಿದೆ ರೀ ಇದು! ಯಾರು ಹೊಲಿದಿದ್ದು?" ಎಂದರು.

ಇಂಚಕ್ಕ ಚಮಚ ಕೆಳಗಿಟ್ಟಳು. ನಮ್ಮಕ್ಕ ಎಂಬ ಮಾತು ಬರುವ ಮೊದಲೇ ಅವಳ ಕಿವಿ ಬೆಚ್ಚಗಾಗಿತ್ತು.

"ಇವರೇ," ಎಂದಳು ತಂಗಿ, ಕೈ ತೋರಿಸಿ. "ನಮ್ಮ ಟೈಲರಮ್ಮ. ತುಂಬಾ ಹಳಬರು. ಮನೆಯವರ ಥರಾನೇ." ಆಮೇಲೆ ಇಂಚಕ್ಕನ ಕಡೆಗೆ ತಿರುಗಿ, ತುಂಬ ಮೆದುವಾಗಿ, "ನೀವು ಇನ್ನೂ ಸ್ವಲ್ಪ ಹಾಕಿಸ್ಕೊಳ್ಳಿ. ಸಂಕೋಚ ಮಾಡ್ಕೋಬೇಡಿ," ಎಂದಳು.

ಇಂಚಕ್ಕ ಹಿಂದೆ ತಿರುಗಿ ನೋಡಿದಳು. ತನ್ನ ಕುರ್ಚಿಯ ಹಿಂದೆ ಬೇರೆ ಯಾರೋ ಇರಬೇಕು ಎಂದುಕೊಂಡಳು. ಯಾರೂ ಇರಲಿಲ್ಲ.

ಮಾತು ಕಲಿತ ದಿನದಿಂದ ಆ ಬಾಯಿ ಅವಳಿಗೆ ನೀನು ಎಂದೇ ಅಂದಿತ್ತು. ಜಗಳದಲ್ಲಿ ನೀನು, ಜ್ವರದಲ್ಲಿ ನೀನು, ಅಪ್ಪ ಹೋದ ದಿನ ಇನ್ನು ನೀನೇ ನನಗೆ ಎಂದಾಗಲೂ ನೀನು. ಗೌರವ ಇಷ್ಟು ತಣ್ಣಗಿರುತ್ತದೆಂದು ಇಂಚಕ್ಕನಿಗೆ ಗೊತ್ತಿರಲಿಲ್ಲ. ಅವಳು ಇನ್ನೂ ಸ್ವಲ್ಪ ಹಾಕಿಸಿಕೊಂಡಳು. ತಿಂದಳು ಕೂಡ.

ಊಟ ಮುಗಿದ ಮೇಲೆ ತಂಗಿ ಅವಳ ಹಿಂದೆಯೇ ಕೆಳಗಿನ ಕೋಣೆಗೆ ಬಂದು ಹಾಸಿಗೆಯ ತುದಿಯಲ್ಲಿ ಕೂತಳು.

"ನನಗೆ ನೀವು ಅಂದ್ಯಲ್ಲ," ಎಂದಳು ಇಂಚಕ್ಕ.

"ಅಯ್ಯೋ ಬಿಡಕ್ಕ, ಒಂದು ಮಾತು."

"ಏನು ಹೇಳಿದೀಯ ಅವರ ಹತ್ರ?"

ತಂಗಿ ಹಾಸಿಗೆಯ ಹೊದಿಕೆಯ ಅಂಚನ್ನು ಮಡಿಸಿದಳು, ಬಿಡಿಸಿದಳು. "ಮೊದಲ ಸಲ ಸಿಕ್ಕಾಗ ಕೇಳಿದ್ರು, ತವರಲ್ಲಿ ಯಾರ್ಯಾರಿದಾರೆ ಅಂತ. ಅಪ್ಪಂದು ಬಟ್ಟೆ ವ್ಯಾಪಾರ ಇತ್ತು ಅಂದೆ."

"ಸುಳ್ಳಲ್ಲ. ಬಟ್ಟೆಯಂತೂ ಇತ್ತು. ಬೇರೆಯವರದು."

"ನಾನೊಬ್ಬಳೇ ಮಗಳು ಅಂದೆ."

ಎಲ್ಲೋ ಕೆಳಗೆ ಹಡಗಿನ ಇಂಜಿನ್ನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

"ಅದು ಹೇಗೆ ಬಂತು ಬಾಯಿಗೆ?"

"ಬಂದ್ಬಿಡ್ತಕ್ಕ."

"ತಾನಾಗೇ ಬರೋಕೆ ಅದೇನು ಸೀನಾ?"

ತಂಗಿ ಅಳಲು ಶುರು ಮಾಡಿದಳು. ಇಂಚಕ್ಕನ ಕೈ ಅಭ್ಯಾಸಬಲದಿಂದ ಅವಳ ಬೆನ್ನಿನ ಕಡೆಗೆ ಹೋಗಿ, ಅರ್ಧ ದಾರಿಯಲ್ಲಿ ಆ ಶಟರಿನ ಹಾಗೆ ಕಚ್ಚಿಕೊಂಡು ನಿಂತಿತು.

"ಅವರೆಲ್ಲ ದೊಡ್ಡ ಜನ. ಹೊಲಿಗೆ ಅಂಗಡಿ, ಆ ಗಲ್ಲಿ, ಅದೆಲ್ಲ ಹೇಗೆ ಹೇಳೋದು? ಮದುವೆ ಒಂದು ಆಗಿಬಿಡ್ಲಿ, ಆಮೇಲೆ ನಿಧಾನಕ್ಕೆ ಹೇಳ್ತೀನಿ."

"ಮದುವೇಲಿ ನಾನೆಲ್ಲಿರ್ತೀನಿ?"

"ಇರ್ತೀಯಲ್ಲ! ಅವಳ ಜೊತೆಗೇ. ಡ್ರೆಸ್ಸಿಂಗ್ ರೂಮಲ್ಲಿ. ಅವಳಿಗೆ ನಿನ್ನ ಬಿಟ್ರೆ ಯಾರು ಡ್ರೆಸ್ ಹಾಕಿದ್ರೂ ಸರಿಹೋಗಲ್ಲ."

ಇಂಚಕ್ಕ ಪರದೆ ಸರಿಸಿ ಹಿಂದಿನ ಸಮುದ್ರದ ಚಿತ್ರವನ್ನು ನೋಡಿದಳು. "ಚಿಂದಿಗೆ ಇದೆಲ್ಲ ಗೊತ್ತಿಲ್ಲ ತಾನೆ?"

ತಂಗಿ ಮೂಗು ಒರೆಸಿಕೊಂಡಳು. "ಅವಳೇ ಅಕ್ಕ ಹೇಳ್ಕೊಟ್ಟಿದ್ದು. ದೊಡ್ಡಮ್ಮಂಗೆ ನೀವು ಅನ್ನು ಮಮ್ಮಿ, ನೀನು ಅಂದ್ರೆ ಅವರಿಗೆ ಗೊತ್ತಾಗಿಬಿಡುತ್ತೆ ಅಂತ."

ಮಾರನೆಯ ದಿನ ಬೆಳಗ್ಗೆ ಚಿಂದಿ ಗೌನು ತೊಟ್ಟು ನೋಡಲು ಕೆಳಗೆ ಬಂದಳು. ಬಂದವಳೇ, "ದೊಡ್ಡಮ್ಮಾ," ಎಂದು ರಾಗ ಎಳೆದು ಎಂದಿನ ಹಾಗೆ ಅವಳ ಹೆಗಲಿಗೆ ಗಲ್ಲ ಊರಿದಳು. ಇಂಚಕ್ಕ ಮಂಡಿಯೂರಿ ಕೂತು ಕೆಳಗಿನ ಮಡಿಕೆಗೆ ಪಿನ್ನು ಹಾಕಿದಳು. ಬೆಳ್ಳಿ ಬಣ್ಣದ ತೆಳು ಬಟ್ಟೆ, ಬೆಳಕು ಹಾಯುವಂಥದ್ದು.

"ದೊಡ್ಡಮ್ಮ, ಈ ಒಳಗೆ ಬಿಟ್ಟಿದೀಯಲ್ಲ, ಇದನ್ನ ಕತ್ತರಿಸಿಬಿಡು. ಲೈಟಲ್ಲಿ ಗೆರೆ ಗೆರೆ ಕಾಣುತ್ತೆ."

"ನಿನ್ನ ಬಟ್ಟೇಲಿ ನಾನು ಯಾವತ್ತಾದ್ರೂ ಕತ್ತರಿಸಿದೀನಾ?"

"ನಾನೇನು ಇನ್ನೂ ಬೆಳೀತೀನಾ?" ಚಿಂದಿ ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ಹೊಟ್ಟೆ ಒಳಗೆಳೆದುಕೊಂಡಳು.

ಇಂಚಕ್ಕ ಕೊನೆಯ ಪಿನ್ನು ಹಾಕಿ, ಏಳದೆ, ನೆಲದ ಮೇಲೆಯೇ ಕೂತು ಹೇಳಿದಳು. "ನಿಮ್ಮಮ್ಮ ಹೇಳಿದ್ದು ಹೇಳಿದಾಳೆ, ಹೋಗ್ಲಿ. ನನಗೆ ಅವಳ ಅಕ್ಕ ಅಂತ ಮೆರೆಯೋದು ಬೇಡ. ನೀನು ಒಂದ್ಸಲ ಅವರ ಮುಂದೆ ದೊಡ್ಡಮ್ಮ ಅನ್ನು. ಅಂಗಡಿ ವಿಷಯ ನಾನು ಎತ್ತೋದಿಲ್ಲ. ಯಾವ ಕಡೆ ದೊಡ್ಡಮ್ಮ ಅಂತ ಕೇಳಿದ್ರೆ ಏನು ಬೇಕಾದ್ರೂ ಹೇಳ್ಕೊ. ಆ ಒಂದು ಮಾತು ಸಾಕು."

ಚಿಂದಿಯ ಕಣ್ಣು ತುಂಬಿತು. ಅವಳೂ ಪಕ್ಕದಲ್ಲೇ ಕೂರಲು ಬಾಗಿದಳು. ಪಿನ್ನು ಚುಚ್ಚುತ್ತದೆಂದು ಇಂಚಕ್ಕ ತಡೆದಳು. "ಆಯ್ತು ದೊಡ್ಡಮ್ಮ. ಇವತ್ತು ಸಂಜೆ ನಾನೇ ಹೇಳ್ತೀನಿ. ಆಣೆಗೂ."

ಸಂಜೆ ಎಲ್ಲರೂ ಮೇಲಿನ ತೆರೆದ ಜಾಗದಲ್ಲಿ ಚಹಾ ಕುಡಿಯುತ್ತಿದ್ದರು. ಸೂರ್ಯ ನೀರಿಗೆ ಇನ್ನೇನು ತಾಗುವುದರಲ್ಲಿದ್ದ. ಗಾಳಿಗೆ ಚಿಂದಿಯ ದುಪಟ್ಟಾ ಕುರ್ಚಿಗೆ ಸಿಕ್ಕಿಕೊಂಡಿತು. ಯಾರೂ ಗಮನಿಸುವ ಮೊದಲೇ ಇಂಚಕ್ಕ ಎದ್ದು, ನೂಲು ಜಗ್ಗದ ಹಾಗೆ ಬಿಡಿಸಿ, ಹೆಗಲ ಮೇಲೆ ಸರಿಮಾಡಿ ಕೂತಳು. ಹುಡುಗನ ತಾಯಿ ಅದನ್ನು ನೋಡುತ್ತಿದ್ದರು. ಕೆಟ್ಟ ಹೆಂಗಸಲ್ಲ ಅವರು. ಅವರ ದನಿಯಲ್ಲಿ ಅನುಮಾನವಿರಲಿಲ್ಲ, ಅಕ್ಕರೆಯಿತ್ತು.

"ಇವರು ನಿನ್ನ ಎಷ್ಟು ಚೆನ್ನಾಗಿ ನೋಡ್ಕೋತಾರೆ! ಇವರು ನಿಂಗೆ ಏನಾಗ್ಬೇಕಮ್ಮ?"

ನಮ್ಮ ಮಾತಿನಲ್ಲಿ ಸಂಬಂಧ ಕೇಳುವುದು ಹೀಗೆಯೇ. ಏನಾಗಬೇಕು? ಆಗಬೇಕಾದದ್ದು ಇನ್ನೂ ಮುಂದೆ ಇದೆ ಎನ್ನುವ ಹಾಗೆ. ಇಂಚಕ್ಕ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದಿದ್ದಳು. ತಂಗಿ ಸಮುದ್ರದ ಕಡೆ ತಿರುಗಿದಳು. ಚಿಂದಿ ಒಮ್ಮೆ ಇಂಚಕ್ಕನನ್ನು ನೋಡಿದಳು, ಆಮೇಲೆ ಹುಡುಗನನ್ನು, ಆಮೇಲೆ ತನ್ನ ಕಪ್ಪನ್ನು.

"ಏನೂ ಆಗ್ಬೇಕಿಲ್ಲ ಅಮ್ಮ," ಎಂದಳು. "ಟೈಲರ್ ಆಂಟಿ."

ಬಿಸ್ಕತ್ತು ಮೆತ್ತಗಾಗಿ ಚಹಾದೊಳಗೆ ಬಿದ್ದುಹೋಯಿತು. ಆ ಅಮ್ಮ ಎಂಬ ಮಾತು ಎಷ್ಟು ಸಲೀಸಾಗಿ ಬಂತು ಎಂದು ಇಂಚಕ್ಕ ಯೋಚಿಸುತ್ತಿದ್ದಳು. ಮೊನ್ನೆ ಪರಿಚಯವಾದವರು ಅಮ್ಮನಾದರು. ಅವಳು ಆಂಟಿಯಾದಳು. ಬಸ್ಸಿನಲ್ಲಿ ಜಾಗ ಬಿಡಿ ಎಂದು ಕೇಳುವಾಗ ಯಾರಿಗೆ ಬೇಕಾದರೂ ಅನ್ನುವ ಆಂಟಿ. ಅವಳು ಚಹಾ ಮುಗಿಸಲಿಲ್ಲ. ಕಪ್ಪನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟು, ಸ್ವಲ್ಪ ಕೆಲಸ ಇದೆ ಎಂದು ಎದ್ದಳು. "ಪಾಪ, ಇಲ್ಲೂ ಕೆಲಸಾನಾ ನಿಮಗೆ?" ಎಂದರು ಹುಡುಗನ ತಾಯಿ. ಆ ಚಹಾದ ಹೊತ್ತಿನಲ್ಲಿ ಅವಳನ್ನು ಮಾತಾಡಿಸಿದವರು ಅವರೊಬ್ಬರೇ.

ವಿಚಾರಣೆಯ ಮೇಜಿನ ಹಿಂದೆ ಕತ್ತಿಗೆ ಸ್ಕಾರ್ಫ್ ಕಟ್ಟಿಕೊಂಡ ಒಬ್ಬ ಹುಡುಗಿ ಕೂತಿದ್ದಳು.

"ನಾಳೆ ಬೆಳಗ್ಗೆ ಒಂದು ಬಂದರು ಬರುತ್ತಲ್ಲ, ಅಲ್ಲಿಂದ ಊರಿಗೆ ರೈಲು ಸಿಗುತ್ತಾ?"

"ಸಿಗುತ್ತಮ್ಮ. ಆದ್ರೆ ನೀವು ಕೊನೇ ಬಂದರಿನ ತನಕ ಇದೀರಲ್ಲ. ನಾಳೆ ಸುಮ್ನೆ ಊರು ಸುತ್ತಿ ಸಂಜೆ ವಾಪಸ್ ಬಂದ್ಬಿಡಿ."

"ವಾಪಸ್ ಬರೋದಿಲ್ಲ. ಅಲ್ಲೇ ಇಳೀತೀನಿ."

ಹುಡುಗಿ ನೆಟ್ಟಗೆ ಕೂತಳು. ಮಧ್ಯದಲ್ಲಿ ಇಳಿಯುವವರ ವಿಷಯ ಬಂದರಿನವರಿಗೆ ಮೊದಲೇ ತಿಳಿಸಬೇಕು, ಮೇಲಿನವರ ಒಪ್ಪಿಗೆ ಬೇಕು ಎಂದು ವಿವರಿಸಿ, ಫೋನಿನಲ್ಲಿ ಯಾರೊಂದಿಗೋ ಮಾತಾಡಿದಳು. "ಆಗುತ್ತಂತೆ. ಆದ್ರೆ ಒಂದ್ಸಲ ಇಳಿದ್ರೆ ಮತ್ತೆ ಹತ್ತೋಕೆ ಬಿಡಲ್ಲ. ಉಳಿದ ದಿನಗಳದ್ದು ಏನೂ ವಾಪಸ್ ಸಿಗೋದಿಲ್ಲ."

"ಉಳಿದಿದ್ದು ಯಾವುದೂ ನನಗೆ ವಾಪಸ್ ಬೇಡ."

"ಕಾರಣ ಏನಂತ ಹೇಳ್ಲಿ? ಆರೋಗ್ಯನಾ? ಮನೇಲಿ ಏನಾದ್ರೂ ತೊಂದರೆನಾ?"

"ನನ್ನ ಕತ್ತರಿ ನಿಮ್ಮ ಹತ್ರ ಇದೆ. ಇಳಿಯುವಾಗ ಕೊಡ್ತೀವಿ ಅಂದಿದ್ರಿ. ಅದಕ್ಕೇ ಇಳೀತಿದೀನಿ ಅಂತ ಹೇಳಿ."

ಹುಡುಗಿ ನಕ್ಕಳು. ಇಂಚಕ್ಕ ನಗದಿದ್ದನ್ನು ನೋಡಿ ನಿಲ್ಲಿಸಿದಳು. ದನಿ ತಗ್ಗಿಸಿ, "ಜೊತೆಗೆ ಬಂದವರಿಗೆ ತಿಳಿಸಬೇಕಾ? ಅವರು ನಿಮಗೆ ಏನಾಗ್ಬೇಕು?" ಎಂದು ಕೇಳಿದಳು.

ಇಂಚಕ್ಕ ಮೇಜಿನ ಮೇಲಿದ್ದ ಪೆನ್ನನ್ನು ನೇರಮಾಡಿ ಇಟ್ಟಳು.

"ಗಿರಾಕಿಗಳು."

ಎಲ್ಲರೂ ಊಟಕ್ಕೆ ಹೋದಾಗ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಗೌನನ್ನು ಒಳಮೈ ಹೊರಗೆ ಮಾಡಿ ಅಲ್ಲಿದ್ದ ಪುಟ್ಟ ಮೇಜಿನ ಮೇಲೆ ಹರವಿದಳು. ಎರಡೂ ಪಕ್ಕದ ಉದ್ದಕ್ಕೂ ಆ ಒಂದೊಂದು ಇಂಚು ಇತ್ತು. ದೊಡ್ಡ ಕತ್ತರಿ ಇದ್ದಿದ್ದರೆ ನಾಲ್ಕು ಸಲ ಅದರ ಬಾಯಿ ಮುಚ್ಚಿದರೆ ಮುಗಿಯುತ್ತಿತ್ತು. ಬೆರಳುದ್ದದ ಈ ಚಿಕ್ಕದರಲ್ಲಿ ಕಚ್ಚಿ ಕಚ್ಚಿ ಹೋಗಬೇಕಾಯಿತು. ಮೊದಲ ಕಚ್ಚಿಗೆ ಮೊದಲು ಕೈ ನಿಂತಿತು. ಅವಳು ಅದಕ್ಕೆ ಕಾದಳು, ಹೊಸದಾಗಿ ಕೆಲಸಕ್ಕೆ ಬಂದವರಿಗೆ ಕಾಯುವ ಹಾಗೆ. ಆಮೇಲೆ ಅದು ತಾನೇ ಮುಂದುವರಿಯಿತು. ಬೆಳ್ಳಿ ಪಟ್ಟಿಗಳು ಸುರುಳಿ ಸುತ್ತಿಕೊಂಡು ಮೇಜಿನ ಕೆಳಗೆ ಬಿದ್ದವು. ಅಲ್ಲಿ ಯಾರೂ ಮಲಗಿರಲಿಲ್ಲ.

ನೂಲು ಬಿಡದ ಹಾಗೆ ಅಂಚುಗಳನ್ನು ಸುತ್ತಿ ಹೊಲಿದಳು. ಒಂದು ಹೊಲಿಗೆಯನ್ನೂ ದೂರ ಹಾಕಲಿಲ್ಲ. ಗೌನನ್ನು ದೀಪಕ್ಕೆ ಹಿಡಿದು ನೋಡಿದಳು. ಎಲ್ಲೂ ಗೆರೆ ಕಾಣಲಿಲ್ಲ. ಇಷ್ಟು ಚಂದದ ಬಟ್ಟೆಯನ್ನು ಅವಳು ಎಂದೂ ಹೊಲಿದಿರಲಿಲ್ಲ.

ಬೆಳಗ್ಗೆ ಹಡಗು ನಿಂತಾಗ ಚಿಂದಿಯ ಕೋಣೆಯ ಬಾಗಿಲು ತಟ್ಟಿದಳು. ಚಿಂದಿ ನಿದ್ದೆಗಣ್ಣಿನಲ್ಲಿ ಬಂದಳು.

"ನಿಮ್ಮ ಬಟ್ಟೆ ರೆಡಿಯಾಗಿದೆ. ನೀವು ಹೇಳಿದ ಹಾಗೇ ಒಳಗಿನದು ಕತ್ತರಿಸಿದೀನಿ."

"ಥ್ಯಾಂಕ್ಸ್ ದೊಡ್ಡ..." ಚಿಂದಿಗೆ ಎಚ್ಚರವಾಯಿತು. ಇಂಚಕ್ಕನ ಹೆಗಲಿನ ಚೀಲವನ್ನು ನೋಡಿದಳು. "ಏನಿದು? ನನಗೆ ಯಾಕೆ ನೀವು ಅಂತಿದೀಯ?"

"ಗಿರಾಕಿಗಳಿಗೆ ಹಾಗೇ ಅನ್ನೋದು."

"ದೊಡ್ಡಮ್ಮ, ಪ್ಲೀಸ್, ನಾನು ನಿನ್ನೆ ಹೇಳೋಕೇ ಹೋದೆ, ಬಾಯೇ ಬರ್ಲಿಲ್ಲ..."

"ಮುಂದೆ ಬಿಗಿಯಾದ್ರೆ ಹೊಸದು ಹೊಲಿಸ್ಕೊಳ್ಳಿ," ಎಂದಳು ಇಂಚಕ್ಕ, ಗೌನನ್ನು ಅವಳ ಎರಡೂ ಕೈಗಳ ಮೇಲೆ ಇಡುತ್ತಾ. "ಇದರ ಒಳಗೆ ಇನ್ನೇನೂ ಉಳಿದಿಲ್ಲ."

ಇಳಿಯುವ ಬಾಗಿಲಿನ ಬಳಿ ಕಾವಲಿನವರು ಕಾಗದದಲ್ಲಿ ಸುತ್ತಿಟ್ಟಿದ್ದ ಕತ್ತರಿಯನ್ನು ಕೊಟ್ಟರು. ಅವಳು ಅಲ್ಲೇ ಬಿಚ್ಚಿ, ಒಮ್ಮೆ ಅದರ ಬಾಯಿ ತೆರೆದು ಮುಚ್ಚಿ ನೋಡಿ ಕಂಕುಳಲ್ಲಿ ಇರುಕಿಕೊಂಡಳು. ಹೊರಗೆ ಬಿಸಿಲು. ಮೀನಿನ ವಾಸನೆ, ಗಾಡಿಗಳ ಗದ್ದಲ, ದೂರದಲ್ಲಿ ರೈಲು ನಿಲ್ದಾಣದ ಗಡಿಯಾರ.

ತಂಗಿ ಕೋಣೆಯೊಳಗಿನ ಚಪ್ಪಲಿಯಲ್ಲೇ ಓಡಿಬಂದಳು. ಕೂದಲು ಬಾಚಿರಲಿಲ್ಲ.

"ಅಕ್ಕ! ನಿನಗೇನು ತಲೆ ಕೆಟ್ಟಿದೆಯಾ? ನಾಡಿದ್ದು ಉಂಗುರ ಇಟ್ಕೊಂಡು! ಅವಳಿಗೆ ಡ್ರೆಸ್ ಯಾರು ಹಾಕ್ತಾರೆ?"

ಇಂಚಕ್ಕ ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

"ಅವಳು ಮೇಲೆ ಅಳ್ತಾ ಕೂತಿದಾಳೆ, ಗೊತ್ತಾ ನಿನಗೆ? ಅಕ್ಕ, ನನ್ನ ಮುಖ ನೋಡು. ನಿನ್ನ ಕಾಲು ಹಿಡೀತೀನಿ. ನೀನು ಹೀಗೆ ನಡುನೀರಲ್ಲಿ ಕೈಬಿಟ್ಟು ಹೋದ್ರೆ..."

ತಂಗಿಯ ಕೈ ಅವಳ ಮೊಣಕೈಯನ್ನು ಹಿಡಿದಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಜಡೆ ಹಾಕಿಸಿಕೊಳ್ಳುವಾಗ ನೋವಾದರೆ ಹಿಡಿಯುತ್ತಿದ್ದ ಹಾಗೆಯೇ. ಇಂಚಕ್ಕ ಆ ಕೈಯನ್ನು ನೋಡಿದಳು. ಇನ್ನೊಂದು ಉಸಿರಿನಷ್ಟು ಹೊತ್ತು ಅದು ಅಲ್ಲೇ ಇದ್ದಿದ್ದರೆ ಏನಾಗುತ್ತಿತ್ತೋ.

ಹಿಂದೆ ಲಿಫ್ಟಿನ ಗಂಟೆ ಟಿಣ್ ಎಂದಿತು. ಬಾಗಿಲು ತೆರೆದು, ಬಿಸಿಲಿಗೆಂದು ಅಗಲವಾದ ಟೋಪಿ ಹಾಕಿಕೊಂಡ ಹುಡುಗನ ತಾಯಿ ಹೊರಗೆ ಬಂದರು.

ತಂಗಿಯ ಕೈ ಮೊಣಕೈಯಿಂದ ಜಾರಿತು. ಬೆನ್ನು ನೆಟ್ಟಗಾಯಿತು. ಕೂದಲನ್ನು ಕಿವಿಯ ಹಿಂದೆ ಸೇರಿಸಿ, ಮುಖದ ಮೇಲೆ ಒಂದು ನಗು ತಂದುಕೊಂಡು, ಅದೇ ಉಸಿರಿನಲ್ಲಿ, "ಓ, ಬನ್ನಿ ಬನ್ನಿ! ಇವರಿಗೆ ಊರಿಂದ ಅರ್ಜೆಂಟ್ ಕರೆ ಬಂತಂತೆ, ಹೊರಟುಬಿಟ್ರು. ಹಾಗಾದ್ರೆ ನೀವು ಹುಷಾರಾಗಿ ಹೋಗಿ, ಊರು ತಲುಪಿದ ತಕ್ಷಣ ನೀವು ನಮಗೆ ಒಂದು..." ಎನ್ನುತ್ತಿದ್ದಳು.

ಆ ಎರಡನೆಯ ನೀವು ಮುಗಿಯುವ ಹೊತ್ತಿಗೆ ಇಂಚಕ್ಕ, ಕತ್ತರಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಹಲಗೆಯ ಇಳಿಜಾರಿನಲ್ಲಿ ಅರ್ಧ ದಾಟಿದ್ದಳು.